ವೀಸಾ ಅಲ್ಲ, ಐ-94 ನೋಡಿ

ನಿಮ್ಮ ಪತ್ರ ಓದಿದೆ. ಮಂಡ್ಯದಿಂದ ಅಮೆರಿಕದ ಡಲ್ಲಾಸ್‌ಗೆ ಬಂದು ಎರಡು ತಿಂಗಳಾಗಿದೆ, ನವೆಂಬರಿನಲ್ಲಿ ಹೆಂಡತಿಗೆ ಹೆರಿಗೆ, ಬಾಣಂತನಕ್ಕೆ ಅಮ್ಮ ಬರುತ್ತಾರೆ ಎಂದಿದ್ದೀರಿ. ಅಮ್ಮನಿಗೆ ಹತ್ತು ವರ್ಷದ ವೀಸಾ ಸಿಕ್ಕಿದೆ, ಹಾಗಾದರೆ ಒಂದು ವರ್ಷ ಇಟ್ಟುಕೊಳ್ಳಬಹುದಾ ಅಂತ ಕೇಳಿದ್ದೀರಿ. ಜೊತೆಗೆ ಇನ್ಶೂರೆನ್ಸ್, ಊರಿಂದ ಏನೇನು ತರಿಸಬಹುದು, ಕೆಲಸ ಹೋದರೆ ಏನು ಗತಿ ಅಂತಲೂ. ಪತ್ರದ ಕೊನೆಗೆ ಒಂದು ಸಾಲು ಸೇರಿಸಿದ್ದೀರಿ: ನಿಮ್ಮ ಪಾಸ್‌ಪೋರ್ಟ್ ಮುಂದಿನ ಜೂನ್‌ಗೆ ಮುಗಿಯುತ್ತದೆ, ಅದನ್ನು ಇಲ್ಲೇ ಹೊಸದು ಮಾಡಿಸಿದರೆ ಆಯಿತು ಅಲ್ವಾ ಎಂದು.

ನೀವು ಹೆಚ್ಚು ಕೇಳಿದ್ದು ಅಮ್ಮನ ಬಗ್ಗೆ. ನನಗೆ ಭಯ ಆಗಿದ್ದು ಆ ಕೊನೆಯ ಸಾಲು ಓದಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅಮ್ಮನ ವಿಷಯ. ಹತ್ತು ವರ್ಷ ಅಂತ ವೀಸಾದ ಮೇಲೆ ಬರೆದಿರುವುದಕ್ಕೆ ಇರುವ ಅರ್ಥ ಇಷ್ಟೇ. ಆ ಹತ್ತು ವರ್ಷದಲ್ಲಿ ಅವರು ಎಷ್ಟು ಸಲ ಬೇಕಾದರೂ ವಿಮಾನ ಹತ್ತಿ ಬಂದು, ಇಮಿಗ್ರೇಶನ್ ಕಿಟಕಿಯ ಮುಂದೆ ನಿಂತು, ಒಳಗೆ ಬಿಡಿ ಎಂದು ಕೇಳಬಹುದು. ಒಳಗೆ ಬಂದ ಮೇಲೆ ಎಷ್ಟು ದಿನ ಇರಬಹುದು ಅನ್ನುವುದನ್ನು ಆ ಕಿಟಕಿಯಲ್ಲಿ ಕೂತ ಅಧಿಕಾರಿ ತೀರ್ಮಾನಿಸುತ್ತಾರೆ. ಅದರ ದಾಖಲೆಯೇ ಐ-94. ಪ್ರವಾಸಿ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಆ ತಾರೀಖು ದಾಟಿ ಒಂದೇ ಒಂದು ದಿನ ಉಳಿದರೂ ಹತ್ತು ವರ್ಷದ ವೀಸಾ ಅಲ್ಲಿಗೇ ರದ್ದು. ಮತ್ತೆ ಬರಬೇಕಾದರೆ ಊರಿಗೆ ಹೋಗಿ ಹೊಸದಾಗಿ ಅರ್ಜಿ ಹಾಕಿ, ಯಾಕೆ ಉಳಿದಿರಿ ಅನ್ನುವುದಕ್ಕೆ ಉತ್ತರ ಕೊಡಬೇಕು.

ಆರು ತಿಂಗಳು ಸಾಲದು ಅಂದರೆ, ಅವಧಿ ಮುಂದುವರಿಸಿ ಎಂದು ಕೇಳಲು ಐ-539 ಅನ್ನುವ ಅರ್ಜಿ ಇದೆ. ಅದನ್ನು ತಾರೀಖು ಮುಗಿಯುವ ಮೊದಲೇ ಹಾಕಬೇಕು. ಮೊದಲೇ ಹಾಕಿದ್ದರೆ ಉತ್ತರ ಬರುವವರೆಗೆ ಅಕ್ರಮ ವಾಸದ ದಿನಗಳು ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಕೊನೆಗೆ ಇಲ್ಲ ಅಂದುಬಿಟ್ಟರೆ ಅಂದಿನಿಂದ ಲೆಕ್ಕ ಶುರು. ಅರವತ್ತು ದಾಟಿದ ಅಮ್ಮನನ್ನು ಆ ಆತಂಕದಲ್ಲಿ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ಅಕ್ಟೋಬರಿನಲ್ಲಿ ಬರಲಿ, ಬಾಣಂತನ ಮುಗಿಸಿಕೊಂಡು ಯುಗಾದಿಗೆ ಮನೆ ಸೇರಲಿ. ಜಗಲಿ ಮೇಲೆ ಕೂತು ಹೋಗಿ ಬರುವವರನ್ನೆಲ್ಲ ಮಾತಾಡಿಸಿ ಅಭ್ಯಾಸ ಇರುವವರು. ಇಲ್ಲಿ ಎರಡನೇ ಮಹಡಿಯ ಅಪಾರ್ಟ್‌ಮೆಂಟಿನಲ್ಲಿ, ಸಂಜೆ ಐದೂವರೆಗೆ ಕತ್ತಲಾಗುವ ಕಾಲದಲ್ಲಿ, ನೀವಿಬ್ಬರೂ ಕಂಪ್ಯೂಟರ್ ಮುಂದೆ ಕೂತರೆ ಅವರ ದಿನ ಹೇಗೆ ಹೋಗುತ್ತದೆ? ಆರು ತಿಂಗಳೇ ಜಾಸ್ತಿ ಅನ್ನಿಸುತ್ತದೆ ಅವರಿಗೆ. ನನ್ನ ಅಮ್ಮ ಬಂದಾಗ ನಾಲ್ಕನೇ ತಿಂಗಳಿಗೇ ಮನೆ ಮುಂದಿನ ತುಳಸಿಗೆ ನೀರು ಯಾರು ಹಾಕುತ್ತಿದ್ದಾರೋ ಅಂತ ದಿನಾ ಕೇಳುತ್ತಿದ್ದರು.

ಇನ್ಶೂರೆನ್ಸ್ ಇಲ್ಲದೆ ಅಮ್ಮನನ್ನು ವಿಮಾನ ಹತ್ತಿಸಲೇಬೇಡಿ. ಅವರಿಗೆ ಈಗಾಗಲೇ ಇರುವ ಬಿಪಿ, ಶುಗರ್‌ಗೆ ಏನು ಕೊಡುತ್ತಾರೆ, ಏನು ಕೊಡುವುದಿಲ್ಲ ಅನ್ನುವುದನ್ನು ಕೇಳಿಯೇ ತೆಗೆದುಕೊಳ್ಳಿ. ಊರಿನ ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಸಿ ಕರಿಬೇವು ತರುವ ಹಾಗಿಲ್ಲ, ಹಣ್ಣು ಬೇಡ, ಮಾಂಸದ್ದು ಏನೂ ಬೇಡ. ರಾಗಿ ಹಿಟ್ಟು ಇಲ್ಲೇ ಸಿಗುತ್ತದೆ. ತಂದದ್ದನ್ನು ಅಧಿಕಾರಿಗೆ ಹೇಳಿ ತೋರಿಸಿದರೆ ತೊಂದರೆ ಇಲ್ಲ, ಮುಚ್ಚಿಟ್ಟರೆ ದಂಡ.

ಕೆಲಸ ಹೋದರೆ, ನಿಮ್ಮ ಹಾಗೆ ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಬಂದವರಿಗೆ ಬೇರೆ ಕೆಲಸ ಹುಡುಕಲು ಇಲ್ಲವೇ ಹೊರಡಲು 60 ದಿನಗಳವರೆಗೆ ಕಾಲಾವಕಾಶ ಇದೆ. 2017ರಿಂದ ಬಂದ ನಿಯಮ ಅದು. ನಮ್ಮ ಕಾಲದಲ್ಲಿ ಅದೂ ಇರಲಿಲ್ಲ. ಆ 60 ದಿನದ ಒಳಗೇ ಐ-94 ಮುಗಿದರೆ ನಿಮ್ಮ ಗಡುವೂ ಅಲ್ಲಿಗೇ ಮುಗಿಯಿತು ಅನ್ನುವುದು ನೆನಪಿರಲಿ. ಮನೆ ಬದಲಿಸಿದರೆ ಹತ್ತು ದಿನದೊಳಗೆ ಹೊಸ ವಿಳಾಸ ತಿಳಿಸಬೇಕು, ಅದಕ್ಕೆ ಎಆರ್-11 ಅಂತ ಫಾರಂ ಇದೆ. ದುಡ್ಡೇನೂ ಇಲ್ಲ.

ಇನ್ನು ನಿಮ್ಮ ಮಾವನ ಸ್ನೇಹಿತರು ಹೇಳಿದ ಮಾತು. ಎಷ್ಟೋ ಜನ ಸುಮ್ನೆ ಉಳಿದುಬಿಡುತ್ತಾರೆ, ಇಲ್ಲಿಂದ ಹೊರಡುವಾಗ ಯಾರೂ ಮುದ್ರೆ ಒತ್ತುವುದಿಲ್ಲ, ಹಾಗಾಗಿ ಗೊತ್ತಾಗುವುದಿಲ್ಲ ಅಂತ. ಮುದ್ರೆ ಒತ್ತುವುದಿಲ್ಲ, ಅದು ನಿಜ. ಆದರೆ ವಿಮಾನ ಕಂಪನಿಗಳು ಪ್ರಯಾಣಿಕರ ಪಟ್ಟಿಯನ್ನು ಸರ್ಕಾರಕ್ಕೆ ಕೊಡುತ್ತವೆ. ಯಾವ ದಿನ ಬಂದಿರಿ, ಯಾವ ದಿನ ಹೋದಿರಿ ಎರಡೂ ದಾಖಲಾಗಿರುತ್ತದೆ. 1996ರ ಕಾನೂನು ಹೀಗಿದೆ: ಅವಧಿ ಮೀರಿ 180 ದಿನಕ್ಕಿಂತ ಜಾಸ್ತಿ ಉಳಿದು ಹೊರಟರೆ ಮೂರು ವರ್ಷ ವಾಪಸ್ ಬರುವಂತಿಲ್ಲ. ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಆದರೆ ಹತ್ತು ವರ್ಷ. ಈ ನಿಷೇಧ ಜಾರಿಗೆ ಬರುವುದು ದೇಶ ಬಿಟ್ಟಾಗ. ಹಾಗಾಗಿ ಉಳಿದವರು ಹೊರಡಲು ಹೆದರುತ್ತಾರೆ, ಹೆದರಿ ಮತ್ತಷ್ಟು ಉಳಿಯುತ್ತಾರೆ.

ಈಗ ನಿಮ್ಮ ಪಾಸ್‌ಪೋರ್ಟಿನ ವಿಷಯ.

ನಾನು ಮೈಸೂರಿನ ಸರಸ್ವತಿಪುರಂನಿಂದ 2006ರಲ್ಲಿ ಇಲ್ಲಿಗೆ ಬಂದೆ. ಆಗ ಐ-94 ಅಂದರೆ ಅಂಗೈಯಗಲದ ಒಂದು ಬಿಳಿ ಚೀಟಿ. ವಿಮಾನದಲ್ಲೇ ಅದನ್ನು ತುಂಬಿಸಬೇಕಿತ್ತು. ಅಧಿಕಾರಿ ಅದರ ಮೇಲೆ ಮುದ್ರೆ ಒತ್ತಿ, ಪೆನ್ನಿನಲ್ಲಿ ಒಂದು ತಾರೀಖು ಬರೆದು, ಪಾಸ್‌ಪೋರ್ಟಿಗೆ ಪಿನ್ ಹೊಡೆದು ಕೊಡುತ್ತಿದ್ದರು. ನ್ಯೂವಾರ್ಕ್ ವಿಮಾನ ನಿಲ್ದಾಣಕ್ಕೆ ನನ್ನನ್ನು ಕರೆದುಕೊಂಡು ಹೋಗಲು ಬಂದವರು ನಮ್ಮೂರಿನವರೇ ಆದ ಒಬ್ಬ ಹಿರಿಯರು. ಪ್ರಯಾಣ ಹೇಗಿತ್ತು, ಊಟ ಆಯ್ತಾ ಅನ್ನುವ ಮೊದಲೇ ಅವರು ಕೇಳಿದ್ದು, "ಬಿಳಿ ಚೀಟಿ ಎಲ್ಲಿ, ತೋರಿಸು." ಅಲ್ಲೇ ದೀಪದ ಕೆಳಗೆ ನಿಂತು ತಾರೀಖು ಓದಿದರು. ಮರುದಿನ ಅದರ ಜೆರಾಕ್ಸ್ ಮಾಡಿಸಿ ಒಂದು ಪ್ರತಿ ತಾವೇ ಇಟ್ಟುಕೊಂಡರು. ಇಷ್ಟು ವರ್ಷದಲ್ಲಿ ನನ್ನ ಕಾಗದಗಳಲ್ಲಿ ಒಂದು ದಿನದ ವ್ಯತ್ಯಾಸವೂ ಬಂದಿಲ್ಲ. ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಆ ಹೆಮ್ಮೆಯಲ್ಲಿ ದೊಡ್ಡ ಪಾಲು ಆ ಹಿರಿಯರದ್ದು.

ನಮ್ಮ ಮನೆಯಲ್ಲಿ ಬಾಡಿಗೆ ಹಂಚಿಕೊಂಡಿದ್ದ ಇನ್ನೊಬ್ಬ ಹುಡುಗನಿಗೆ ಹಾಗೆ ಕೇಳುವವರು ಯಾರೂ ಸಿಗಲಿಲ್ಲ. ಪಾಂಡವಪುರ ತಾಲ್ಲೂಕಿನವನು. ಕಬ್ಬು ಬೆಳೆಯುವ ಮನೆ. ಇಬ್ಬರು ಅಣ್ಣಂದಿರು ಜಮೀನಿನಲ್ಲಿ, ಇವನೊಬ್ಬ ಓದಿ ಇಂಜಿನಿಯರ್ ಆದವನು. ಅವನ ಎಚ್-1ಬಿ ಮಂಜೂರಾತಿ ಪತ್ರದಲ್ಲಿ 2011ರ ಸೆಪ್ಟೆಂಬರ್‌ವರೆಗೆ ಅಂತ ಇತ್ತು. ವೀಸಾದ ಮೇಲೂ ಅದೇ. ಆದರೆ ಅವನು ಊರಿಗೆ ಹೋಗಿ ವಾಪಸ್ ಬಂದಾಗ ಅವನ ಪಾಸ್‌ಪೋರ್ಟ್ 2010ರ ಮಾರ್ಚ್‌ಗೆ ಮುಗಿಯುವುದಿತ್ತು. ಕಿಟಕಿಯಲ್ಲಿದ್ದ ಅಧಿಕಾರಿ ಬಿಳಿ ಚೀಟಿಯ ಮೇಲೆ ಬರೆದದ್ದು ಪಾಸ್‌ಪೋರ್ಟ್ ಮುಗಿಯುವ ದಿನವನ್ನು. ಇದು ತಪ್ಪಲ್ಲ. ಪಾಸ್‌ಪೋರ್ಟ್ ಮುಗಿಯುವ ದಿನಕ್ಕೇ ಐ-94 ನಿಲ್ಲಿಸುವುದು ಇಲ್ಲಿ ಇರುವ ಪದ್ಧತಿಯೇ.

ಅವನು ಪಾಸ್‌ಪೋರ್ಟನ್ನು ಸರಿಯಾದ ಸಮಯಕ್ಕೇ ಹೊಸದು ಮಾಡಿಸಿದ. ಹಳೆಯದನ್ನು ಮೂಲೆ ಕತ್ತರಿಸಿ ವಾಪಸ್ ಕೊಟ್ಟರು. ಬಿಳಿ ಚೀಟಿ ಆ ಹಳೆಯ ಪುಸ್ತಕಕ್ಕೇ ಅಂಟಿಕೊಂಡು ಸೂಟ್‌ಕೇಸಿನ ತಳ ಸೇರಿತು. ಪಾಸ್‌ಪೋರ್ಟ್ ಹೊಸದಾದರೆ ಐ-94 ತಾನಾಗಿ ಮುಂದಕ್ಕೆ ಹೋಗುವುದಿಲ್ಲ ಅಂತ ಅವನಿಗೆ ಯಾರೂ ಹೇಳಲಿಲ್ಲ. ಕಂಪನಿಯವರೂ ನೋಡಲಿಲ್ಲ. ಸಂಬಳ ಬರುತ್ತಿತ್ತು, ತೆರಿಗೆ ಕಟ್ಟುತ್ತಿದ್ದ, ತಿಂಗಳು ತಿಂಗಳು ಊರಿಗೆ ದುಡ್ಡು ಕಳಿಸುತ್ತಿದ್ದ. 2011ರ ಬೇಸಿಗೆಯಲ್ಲಿ ಎಚ್-1ಬಿ ಮುಂದುವರಿಸಲು ಕಾಗದ ಕೇಳಿದಾಗ ವಕೀಲರೇ ಕಂಡುಹಿಡಿದರು. ಒಂದು ವರ್ಷಕ್ಕಿಂತ ಜಾಸ್ತಿ ಆಗಿಹೋಗಿತ್ತು.

ಉಳಿದದ್ದು ಒಂದೇ ದಾರಿ. ತಡವಾದದ್ದು ಬೇಕೆಂದು ಅಲ್ಲ, ಮನ್ನಿಸಿ ಅಂತ ಕಾರಣ ಸಮೇತ ಅರ್ಜಿ ಹಾಕಿ ಕಾಯುವುದು. ಕೆಲಸ ನಿಲ್ಲಿಸಬೇಕಾಯಿತು. ಉತ್ತರ ಬರುವವರೆಗೆ ದೇಶ ಬಿಡಬೇಡ, ಬಿಟ್ಟರೆ ಹತ್ತು ವರ್ಷ ಅಂದರು ವಕೀಲರು. ಅವನು ಬರುವಾಗ ಮಾಡಿದ ಸಾಲಕ್ಕೆ ಜಮೀನು ಅಡ ಇತ್ತು. ಅದು ಇನ್ನೂ ತೀರಿರಲಿಲ್ಲ.

ಆ ಆಷಾಢದಲ್ಲಿ ಅವನ ಅವ್ವ ತೀರಿಕೊಂಡರು.

ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಮಲಗಲಿಲ್ಲ. ಅವನು ಮತ್ತೆ ಮತ್ತೆ ಟಿಕೆಟ್ ದರ ನೋಡುತ್ತಿದ್ದ. ದುಡ್ಡಿನ ಪ್ರಶ್ನೆಯೇ ಅಲ್ಲ ಅದು, ನಾವೆಲ್ಲ ಸೇರಿ ಕೊಡಲು ಸಿದ್ಧರಿದ್ದೆವು. ಬೆಳಗಾಗುವ ಹೊತ್ತಿಗೆ ಲ್ಯಾಪ್‌ಟಾಪ್ ಮುಚ್ಚಿಟ್ಟು ಸ್ನಾನಕ್ಕೆ ಹೋದ. ಪಶ್ಚಿಮವಾಹಿನಿಯಲ್ಲಿ ಬೂದಿ ಬಿಟ್ಟದ್ದನ್ನು ಅಣ್ಣ ಫೋನಿನಲ್ಲಿ ಹೇಳಿದ, ಇವನು ಕೇಳಿಸಿಕೊಂಡ.

ನಾನು ಅದೇ ವಾರ ಮೈಸೂರಿಗೆ ಹೋಗುವುದಿತ್ತು. ಹನ್ನೊಂದನೇ ದಿನದ ತಿಥಿಗೆ ಅವನ ಪರವಾಗಿ ಅವರ ಊರಿಗೆ ಹೋದೆ. ಮನೆ ಮುಂದೆ ಶಾಮಿಯಾನ ಹಾಕಿದ್ದರು. ಅಣ್ಣಂದಿರಿಬ್ಬರೂ ತಲೆ ಬೋಳಿಸಿಕೊಂಡು ಕೂತಿದ್ದರು. ನಾನು ಅವನ ಜೊತೆಯವನು ಅಂತ ಗೊತ್ತಾದ ಕೂಡಲೇ ಸುತ್ತ ಜನ ಸೇರಿದರು. ಅವನ ಸೋದರತ್ತೆ ನನ್ನ ಕೈ ಹಿಡಿದುಕೊಂಡು ಕೇಳಿದರು, "ಹೆತ್ತವ್ವ ಸತ್ರೂ ರಜ ಕೊಡ್ನಿಲ್ವಾ ಮಗ ಆ ಊರೋರು?"

ನಾನು ಕಾಗದದ ತೊಂದರೆ ಅಂದೆ. ಯಾವ ಕಾಗದ ಅಂದರು. ಚೀಟಿಯ ಮೇಲಿನ ತಾರೀಖು ಅಂದೆ. ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು, ಅವರಿಗೆ ಅದು ಸಾವಿಗೆ ಬಾರದಿರುವ ಕಾರಣ ಅನ್ನಿಸಲಿಲ್ಲ. ಹೇಗೆ ಅನ್ನಿಸಬೇಕು ಹೇಳಿ? ನಮ್ಮ ಕಡೆ ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ ತಾಲ್ಲೂಕು ಕಚೇರಿಗೆ ಓಡಾಡಿ, ಅರ್ಜಿ ಕೊಟ್ಟು, ಒಂದು ವರ್ಷಕ್ಕೋ ಎರಡು ವರ್ಷಕ್ಕೋ ಸರಿ ಮಾಡಿಸುತ್ತೇವೆ. ಅಷ್ಟರಲ್ಲಿ ಯಾರೂ ಜಮೀನಿಗೆ ಕಾಲಿಡಬೇಡ ಅನ್ನುವುದಿಲ್ಲ. ದೊಡ್ಡಣ್ಣ ಏನೂ ಮಾತಾಡಲಿಲ್ಲ. ನನಗೆ ಎಲೆ ಹಾಕಿ ಕೂರಿಸಿ, ತಾನೇ ಬಡಿಸಿದ. ಊರು ಬಿಡುವಾಗ ಮಾತ್ರ, "ಅವನಿಗೆ ಹೇಳಿ, ಇಲ್ಲಿ ಎಲ್ಲ ಚೆನ್ನಾಗಿ ಆಯ್ತು ಅಂತ," ಅಂದ.

ಮನ್ನಾ ಆಮೇಲೆ ಸಿಕ್ಕಿತು. ಕೆಲಸಕ್ಕೆ ವಾಪಸ್ ಹೋದ, ಅಡವಿಟ್ಟ ಜಮೀನು ಬಿಡಿಸಿದ. ಮೊದಲ ವರ್ಷದ ತಿಥಿಗೆ ಊರಿಗೂ ಹೋಗಿ ಬಂದ. ಆದರೆ ಅಣ್ಣಂದಿರ ಜೊತೆ ಮೊದಲಿನ ಹಾಗೆ ಮಾತಿಲ್ಲ. ಎದುರು ಕೂತು ಎಲ್ಲವನ್ನೂ ವಿವರಿಸಿದ್ದಾನೆ. ಅವರು ಆಗಲಿ ಅಂದಿದ್ದಾರೆ. ಅಷ್ಟೇ.

ಈಗ ನಿಮ್ಮ ಲೆಕ್ಕ ನೋಡಿ. ನಿಮ್ಮ ಮಂಜೂರಾತಿ ಮೂರು ವರ್ಷದ್ದು. ಪಾಸ್‌ಪೋರ್ಟ್ ಮುಂದಿನ ಜೂನ್‌ಗೆ ಮುಗಿಯುತ್ತದೆ. ಹಾಗಾದರೆ ಎರಡು ತಿಂಗಳ ಹಿಂದೆ ನಿಮಗೆ ಕೊಟ್ಟ ಐ-94 ಕೂಡ ಜೂನ್‌ಗೇ ಮುಗಿಯುವ ಸಾಧ್ಯತೆ ತುಂಬಾ ಇದೆ. ಬಿಳಿ ಚೀಟಿ 2013ರಲ್ಲಿ ಹೋಯಿತು, ವಿಮಾನದಲ್ಲಿ ಬಂದವರಿಗೆ ಈಗ ಎಲ್ಲ ಕಂಪ್ಯೂಟರಿನಲ್ಲೇ. ಕೆಲವು ವಿಮಾನ ನಿಲ್ದಾಣಗಳಲ್ಲಿ ಮುದ್ರೆಯೂ ಒತ್ತುವುದಿಲ್ಲ. ಅಂದರೆ ನೀವಾಗಿ ಹುಡುಕಿ ನೋಡದಿದ್ದರೆ ಆ ತಾರೀಖು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ನನಗೆ ಭಯ.

ಇವತ್ತು ರಾತ್ರಿಯೇ ಸರ್ಕಾರದ ಐ-94 ವೆಬ್‌ಸೈಟ್ ತೆರೆಯಿರಿ. ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್, ಯಾವ ದೇಶದವರು ಅನ್ನುವುದು ಹಾಕಿದರೆ ಸಾಕು. 'ಅಡ್ಮಿಟ್ ಅನ್‌ಟಿಲ್ ಡೇಟ್' ಅಂತ ಒಂದು ಸಾಲು ಇರುತ್ತದೆ, ಇಲ್ಲಿ ಇರಬಹುದಾದ ಕೊನೆಯ ದಿನ ಅದೇ. ನಿಮ್ಮದು ನೋಡಿ, ಹೆಂಡತಿಯದು ಬೇರೆಯಾಗಿ ನೋಡಿ. ಒಂದೇ ವಿಮಾನದಲ್ಲಿ ಬಂದ ಗಂಡ ಹೆಂಡತಿಗೆ ಬೇರೆ ಬೇರೆ ತಾರೀಖು ಇರಬಹುದು. ಜೂನ್ ಅಂತ ಇದ್ದರೆ ಗಾಬರಿ ಬೇಡ, ಸಮಯ ಇದೆ. ಪಾಸ್‌ಪೋರ್ಟ್ ಮುಗಿಯಲು ಒಂದು ವರ್ಷದೊಳಗೆ ಇದ್ದರೆ ಹೊಸದಕ್ಕೆ ಅರ್ಜಿ ಹಾಕಬಹುದು, ಈಗಲೇ ಹಾಕಿ. ಆಮೇಲೆ ಎರಡು ದಾರಿ. ಹೊಸ ಪಾಸ್‌ಪೋರ್ಟ್ ಹಿಡಿದು ಊರಿಗೆ ಹೋಗಿ ಬಂದರೆ ಕಿಟಕಿಯಲ್ಲಿ ಹೊಸ ಐ-94 ಕೊಡುತ್ತಾರೆ. ವೀಸಾ ಇರುವ ಹಳೆಯ ಪಾಸ್‌ಪೋರ್ಟನ್ನೂ ಜೊತೆಗೆ ಒಯ್ಯಬೇಕು. ಕೈಗೂಸು ಇರುವಾಗ ಹೋಗಲು ಆಗದಿದ್ದರೆ, ಜೂನ್‌ಗೆ ಮೊದಲೇ ಕಂಪನಿಯಿಂದ ಅವಧಿ ಮುಂದುವರಿಸುವ ಅರ್ಜಿ ಹಾಕಿಸಿ. ಕಂಪನಿಯವರು ನೋಡಿಕೊಳ್ಳುತ್ತಾರೆ ಅಂತ ಬಿಡಬೇಡಿ. ಮೇಲ್ ಬರೆದು, ಉತ್ತರ ಬರೆಸಿಕೊಳ್ಳಿ.

ಮಗು ಇಲ್ಲೇ ಹುಟ್ಟುವುದರಿಂದ ಅದರ ಬಗ್ಗೆ ಸದ್ಯಕ್ಕೆ ಈ ಚಿಂತೆ ಇಲ್ಲ. ಆದರೆ ಊರಲ್ಲಿ ಹುಟ್ಟಿದ ಮಕ್ಕಳನ್ನು ಕರೆತರುವ ಸ್ನೇಹಿತರಿದ್ದರೆ ತಿಳಿಸಿ. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷದ್ದು. ಅಪ್ಪ ಅಮ್ಮನ ತಾರೀಖು ಸರಿ ಇದ್ದು ಮಗುವಿನದು ಮೊದಲೇ ಮುಗಿದ ಮನೆಗಳನ್ನು ನೋಡಿದ್ದೇನೆ.

ಅಮ್ಮನ ಪಾಸ್‌ಪೋರ್ಟ್ ಯಾವಾಗ ಮುಗಿಯುತ್ತದೆ ಅಂತ ನೀವು ಬರೆದಿಲ್ಲ. ಮುಂದಿನ ಬೇಸಿಗೆಯೊಳಗೆ ಮುಗಿಯುವುದಾದರೆ ಟಿಕೆಟ್ ತೆಗೆಸುವ ಮೊದಲೇ ಅಲ್ಲೇ ಹೊಸದು ಮಾಡಿಸಿ. ಮೈಸೂರಿನ ಅಂಚೆ ಕಚೇರಿಯಲ್ಲಿ 2017ರಿಂದ ಪಾಸ್‌ಪೋರ್ಟ್ ಕೇಂದ್ರ ಇದೆ, ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ವಾಪಸ್ ಟಿಕೆಟನ್ನು ಐ-94 ಮುಗಿಯುವ ವಾರಕ್ಕೆ ಇಡಬೇಡಿ, ಎರಡು ಮೂರು ವಾರ ಮೊದಲೇ ಇರಲಿ. ಹಿಮ ಬಿದ್ದು ವಿಮಾನ ನಿಂತರೆ, ಜ್ವರ ಬಂದರೆ ಕೈಯಲ್ಲಿ ದಿನ ಇರಬೇಕು.

ಐ-94 ನೋಡಿದ ಮೇಲೆ ಅದರಲ್ಲಿ ಯಾವ ತಾರೀಖು ಇದೆ ಅಂತ ನನಗೆ ಬರೆಯಿರಿ. ಕಾಯುತ್ತಿರುತ್ತೇನೆ.