ಗ್ಯಾಸ್ ಬರುತ್ತೆ ಸರಿ, ಬಗ್ಗಡ ಎಲ್ಲಿಗೆ ಹೋಗುತ್ತೆ?

"ದಾವಣಗೆರೆಯಲ್ಲಿ ಹೋಟೆಲ್, ತರಕಾರಿ ಮಾರ್ಕೆಟ್ ಕಸ ಪುಕ್ಕಟೆ ಸಿಗುತ್ತೆ. ಬಯೋಗ್ಯಾಸ್ ಮಾಡಿ ಕರೆಂಟ್ ಮಾರಿದರೆ ಭವಿಷ್ಯ ಇದೆಯಾ?" ಅಂತ ಕೇಳಿದ್ದೀರಿ. 2021ರಲ್ಲಿ ಬ್ಯಾಂಕಿನಲ್ಲಿ ಸಾಲದ ಅರ್ಜಿ ಹಿಡಿದು ಕೂತಾಗ ನಾನು ಹೇಳಿದ್ದೂ ಇದನ್ನೇ. "ಪುಕ್ಕಟೆ" ಅನ್ನೋ ಪದವನ್ನೂ ಬಿಟ್ಟಿರಲಿಲ್ಲ.

ಹದಡಿ ರಸ್ತೆ ಕಡೆ ಊರಿನ ಅಂಚಿಗೆ ನಮ್ಮದೊಂದು ತುಂಡು ಜಮೀನಿತ್ತು. ದಿನಕ್ಕೆ ಒಂದು ಟನ್ ಹಸಿ ಕಸ ಅರಗಿಸೋ ಘಟಕ ಹಾಕಿದೆ. 22 ಲಕ್ಷ ಸಾಲ, ಉಳಿದದ್ದು ಕೈಯಿಂದ. ಬೆಳಿಗ್ಗೆ ಐದೂವರೆಗೆ ಗೂಡ್ಸ್ ಆಟೋ ಹೊರಟರೆ ಹೋಟೆಲುಗಳ ಅನ್ನ, ಸಾಂಬಾರು, ಹುಳಿ ಬಂದ ದೋಸೆ ಹಿಟ್ಟು, ಮಾರ್ಕೆಟ್ಟಿನ ಕೊಳೆತ ಟೊಮೆಟೊ, ಎಲೆಕೋಸಿನ ಸಿಪ್ಪೆ ಎಲ್ಲಾ ತುಂಬಿಕೊಂಡು ಎಂಟಕ್ಕೆ ವಾಪಸ್. ಬೆಣ್ಣೆ ದೋಸೆಯವರು ಗ್ಯಾಸ್ ಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ಸೌದೆ ಒಲೆ ಬಿಡೋದಿಲ್ಲ, ಬಿಡಬೇಕಾಗಿಯೂ ಇಲ್ಲ, ದೋಸೆಯ ರುಚಿಯೇ ಅದರಲ್ಲಿದೆ. ಮಂಡಕ್ಕಿ ಭಟ್ಟಿಯವರಿಗೆ ಭತ್ತದ ಹೊಟ್ಟಿಗಿಂತ ಅಗ್ಗದ ಉರಿ ನಾನು ಕೊಡೋಕಾಗಲ್ಲ. ಕೊನೆಗೆ ಪಕ್ಕದ ಹಾಸ್ಟೆಲ್ ಒಂದರ ಅಡುಗೆಮನೆ ಒಪ್ಪಿತು. ಪೈಪ್ ಎಳೆದು, ಅವರ ಬರ್ನರಿನ ಜೆಟ್ ತೂತು ದೊಡ್ಡದು ಮಾಡಿಸಿ ಕೊಟ್ಟೆ. ಬಯೋಗ್ಯಾಸಿನ ಒತ್ತಡ ಕಡಿಮೆ, ಎಲ್‌ಪಿಜಿ ಜೆಟ್‌ನಲ್ಲಿ ಅದು ಸರಿಯಾಗಿ ಉರಿಯಲ್ಲ. ಮೊದಲ ದಿನ ನೀಲಿ ಉರಿ ಎದ್ದಾಗ ಅಡುಗೆಯವರು ಪಾತ್ರೆ ಇಡೋದು ಬಿಟ್ಟು ನೋಡ್ತಾ ನಿಂತರು. ನನಗೂ ಕಣ್ಣು ತುಂಬಿತ್ತು.

ಎಂಟು ತಿಂಗಳು ಚೆನ್ನಾಗೇ ನಡೀತು. ದಿನಕ್ಕೆ ಹೆಚ್ಚುಕಮ್ಮಿ 100 ಘನ ಮೀಟರ್ ಗ್ಯಾಸ್, ಅಂದರೆ ಸುಮಾರು 45 ಕೆಜಿ ಎಲ್‌ಪಿಜಿಯಷ್ಟು ಉರಿ, 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಎರಡಕ್ಕಿಂತ ಸ್ವಲ್ಪ ಜಾಸ್ತಿ.

ನಾನು ಮುಳುಗಿದ ಜಾಗ ಬೇರೆ. ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ನನ್ನ ಪ್ರಾಜೆಕ್ಟ್ ನೋಟ್‌ಬುಕ್ ಇವತ್ತಿಗೂ ಇಟ್ಟುಕೊಂಡಿದ್ದೇನೆ. ಕಸ ಎಲ್ಲಿಂದ ಅನ್ನೋದಕ್ಕೆ ನಾಲ್ಕು ಪುಟ. ಗ್ಯಾಸ್ ಎಷ್ಟು, ಯಾರಿಗೆ, ಯಾವ ದರಕ್ಕೆ ಅನ್ನೋದಕ್ಕೆ ಆರು ಪುಟ. ಬಗ್ಗಡಕ್ಕೆ, ಅಂದರೆ ಗ್ಯಾಸ್ ತೆಗೆದ ಮೇಲೆ ಉಳಿಯೋ ರಾಡಿಗೆ, ಒಂದೇ ಸಾಲು: "ಸ್ಲರಿ – ರೈತರು ಒಯ್ಯುತ್ತಾರೆ." ಆ ಒಂದು ಸಾಲಿನ ಬೆಲೆ ನನಗೆ ಒಂದು ವರ್ಷ.

ತೂಕದ ಲೆಕ್ಕ ಹಾಕಿ ನೋಡಿ. ಒಂದು ಟನ್ ಕಸಕ್ಕೆ ಒಂದು ಟನ್ ನೀರು ಸೇರಿಸಿ ರುಬ್ಬಿ ಡೈಜೆಸ್ಟರಿಗೆ, ಅಂದರೆ ಕಸ ಕೊಳೆತು ಗ್ಯಾಸ್ ಬಿಡೋ ಮುಚ್ಚಿದ ತೊಟ್ಟಿಗೆ, ಬಿಡ್ತೀವಿ. ಒಳಗೆ ಹೋದದ್ದು 2,000 ಕೆಜಿ. 100 ಘನ ಮೀಟರ್ ಗ್ಯಾಸ್ ಅಂದಾಗ ಕಿವಿಗೆ ದೊಡ್ಡದಾಗಿ ಕೇಳುತ್ತೆ, ಆದರೆ ಅದರ ತೂಕ ಬರೀ 115–120 ಕೆಜಿ. ಉಳಿದ 1,880 ಕೆಜಿ? ಅದು ಅಷ್ಟೂ ಬಗ್ಗಡವಾಗಿ ಇನ್ನೊಂದು ಬಾಯಿಂದ ಹೊರಗೆ ಬರುತ್ತೆ. ಇವತ್ತು ಬರುತ್ತೆ, ನಾಳೆ ಬರುತ್ತೆ, ಯುಗಾದಿ ದಿನವೂ ಬರುತ್ತೆ. ತಿಂಗಳಿಗೆ 56 ಟನ್. ಐದು ಸಾವಿರ ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರಿನಲ್ಲಿ ಹನ್ನೊಂದು ಲೋಡು. ಒಳಗೆ ಹಾಕಿದಷ್ಟೇ ಹೊರಗೆ ತಳ್ಳುತ್ತೆ, ಡೈಜೆಸ್ಟರ್ ಇರೋದೇ ಹಾಗೆ. ಕಸ "ಕರಗಿ ಗ್ಯಾಸ್ ಆಗುತ್ತೆ" ಅನ್ನೋ ಚಿತ್ರ ನನ್ನ ತಲೆಯಲ್ಲಿತ್ತು. ಆ ಚಿತ್ರವೇ ತಪ್ಪು. ಕಸದ ಬಹುಪಾಲು ನೀರು, ಜೊತೆಗೆ ನಾನು ಸುರಿದ ನೀರು. ಅದು ಎಲ್ಲಿಗೂ ಕರಗಲ್ಲ.

ಮೊದಲ ಬೇಸಿಗೆ ರೈತರು ನಿಜವಾಗಿಯೂ ಒಯ್ದರು. ಫೆಬ್ರವರಿಯಿಂದ ಮೇ ತನಕ ಟ್ಯಾಂಕರ್ ಸಾಲು ನಿಂತಿತ್ತು. ಅದನ್ನು ನೋಡಿ ನನ್ನ ಒಂದು ಸಾಲು ಸರಿ ಅಂತ ನಂಬಿದೆ. ಹೊಲ ಖಾಲಿ ಇರೋದರಿಂದ ಒಯ್ಯುತ್ತಿದ್ದಾರೆ ಅನ್ನೋದು ಹೊಳೀಲಿಲ್ಲ. ಜೂನಿನಲ್ಲಿ ಆನಗೋಡು ಕಡೆಯ ಮೆಕ್ಕೆಜೋಳದವರು ಬಿತ್ತನೆ ಮುಗಿಸಿದರು. ಬಿತ್ತಿದ ಹೊಲಕ್ಕೆ ಟ್ಯಾಂಕರ್ ನುಗ್ಗಿಸೋರು ಯಾರು? ಭದ್ರಾ ಕಾಲುವೆ ಅಚ್ಚುಕಟ್ಟಿನ ಗದ್ದೆಯವರು ಸಸಿಮಡಿ ಹಾಕಿ ನಾಟಿಗೆ ನೀರು ಕಟ್ಟಿದರು. ಕೆಸರಿನಲ್ಲಿ ತುಂಬಿದ ಟ್ಯಾಂಕರ್ ಇಳಿದರೆ ಅಚ್ಚಿನವರೆಗೂ ಹೂತುಹೋಗುತ್ತೆ. ಹದಿನೈದು ದಿನದೊಳಗೆ ಫೋನ್ ಎತ್ತೋರೇ ಇಲ್ಲವಾದರು. ಯಾರೂ ಮೋಸ ಮಾಡಲಿಲ್ಲ. ಅವರ ಬೇಸಾಯದ ಕ್ಯಾಲೆಂಡರ್ ಅವರದ್ದು, ಅದನ್ನು ನಾನು ಓದಬೇಕಿತ್ತು.

ಅದು 2022. ವಾಣಿವಿಲಾಸ ಸಾಗರ 1933 ಬಿಟ್ಟರೆ ಮೊದಲ ಸಲ ಕೋಡಿ ಬಿದ್ದ ವರ್ಷ, ಮಳೆ ಹೇಗಿತ್ತು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನನ್ನ ಬಗ್ಗಡದ ಗುಂಡಿ 30,000 ಲೀಟರಿನದ್ದು, ಮೇಲೆ ಚಾವಣಿ ಇಲ್ಲ. ಒಯ್ಯೋರು ನಿಂತ ಮೇಲೆ ಹದಿನಾರು ದಿನಕ್ಕೆ ತುಂಬೋ ಗುಂಡಿ ಅದು, ಮಳೆ ಸೇರಿ ಹತ್ತೇ ದಿನಕ್ಕೆ ತುಂಬಿತು. ಜುಲೈನ ಒಂದು ರಾತ್ರಿ ಒಡ್ಡು ಒಡೆದು ಪಕ್ಕದ ಗದ್ದೆಗೆ ಹರಿಯಿತು. ಬೆಳಿಗ್ಗೆ ನಾನು ಹೋಗೋ ಹೊತ್ತಿಗೆ ಪಕ್ಕದ ಹೊಲದ ಅಜ್ಜ ಬದುವಿನ ಮೇಲೆ ಕೂತಿದ್ದರು. ಬೈಯಲಿಲ್ಲ. ಸಸಿಮಡಿಯಿಂದ ಒಂದು ಹಿಡಿ ಸಸಿ ಕಿತ್ತು ನನ್ನ ಕೈಗೆ ಕೊಟ್ಟರು. ಬೇರಿಗೆ ಕರೀ ಅಂಟು, ತುದಿ ಮುದುಡಿತ್ತು. ನಾಲ್ಕು ದಿನಕ್ಕೆ ಮಡಿ ಪೂರ್ತಿ ಹಳದಿಯಾಯಿತು. ಬಗ್ಗಡ ಒಳ್ಳೇ ಗೊಬ್ಬರ, ಆದರೆ ಹದ ಮಾಡದೆ ಒಂದೇ ಸಲ ಎಳೇ ಬೇರಿನ ಮೇಲೆ ಅಷ್ಟೊಂದು ನಿಂತರೆ ಸುಟ್ಟುಬಿಡುತ್ತೆ. ಅವರಿಗೆ ಬೇರೆ ಕಡೆಯಿಂದ ಸಸಿ ಕೊಂಡು ತಂದು ನಾಟಿ ಮಾಡಿಸಿಕೊಟ್ಟೆ. ಆ ಸಸಿಯ ಹಿಡಿ ಇನ್ನೂ ಕಣ್ಣ ಮುಂದಿದೆ.

ಆಮೇಲೆ ಒಂದರ ಹಿಂದೆ ಒಂದು. ಗುಂಡಿ ತುಂಬಿದ್ದರಿಂದ ಕಸ ಹಾಕೋದು ನಿಲ್ಲಿಸಬೇಕಾಯಿತು. ಹದಿನೆಂಟು ದಿನ ಆಟೋ ಹೋಗಲಿಲ್ಲ. ಹೋಟೆಲಿನವರು ಎರಡು ದಿನ ಕಾದರು, ಮೂರನೇ ದಿನ ಹಂದಿ ಸಾಕೋರಿಗೆ ಕೊಟ್ಟರು. ಕೊಳೆಯೋ ಡ್ರಮ್ಮನ್ನು ಅಡುಗೆಮನೆ ಹಿಂದೆ ಇಟ್ಟುಕೊಂಡು ನನಗೋಸ್ಕರ ಯಾಕೆ ಕಾಯ್ತಾರೆ? ಕಸ ನಿಂತ ಮೇಲೆ ಗ್ಯಾಸ್ ಇಳೀತು, ಹಾಸ್ಟೆಲಿನವರು ಸಿಲಿಂಡರಿಗೆ ವಾಪಸ್ ಹೋದರು. ಮತ್ತೆ ಶುರು ಮಾಡಿದಾಗ ಮೊದಲ ದಿನವೇ ಪೂರ್ತಿ ಟನ್ ಸುರಿಯೋ ಹಾಗಿರಲಿಲ್ಲ. ಮೀಥೇನ್ ಮಾಡೋ ಸೂಕ್ಷ್ಮಾಣುಗಳು ನಿಧಾನ, ಆಮ್ಲ ಮಾಡೋವು ವೇಗ. ಒಮ್ಮೆಲೇ ತುಂಬಿದರೆ ಒಳಗೆ ಹುಳಿಯಾಗಿ ಉರಿಯೇ ಸತ್ತುಹೋಗುತ್ತೆ. ಸಗಣಿ ಹಾಕಿ, ಕಾಲು ಭಾಗದಿಂದ ಏರಿಸುತ್ತಾ ಮೊದಲಿನ ಮಟ್ಟಕ್ಕೆ ಬರಲು ಒಂದು ತಿಂಗಳು ಹಿಡೀತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಕಸಕ್ಕೂ ಗ್ಯಾಸಿಗೂ ಹತ್ತು ಪುಟ ಬರೆದು ಬಗ್ಗಡಕ್ಕೆ ಒಂದು ಸಾಲು ಬರೆದ ತಪ್ಪಿಗೆ ಕಸ, ಗ್ಯಾಸ್, ಗಿರಾಕಿ ಮೂರೂ ಒಂದೇ ತಿಂಗಳಲ್ಲಿ ಹೋದವು.

ಈಗ ನಿಮ್ಮ ಪ್ರಶ್ನೆಗೆ. "ಕರೆಂಟ್ ಮಾರಿದರೆ" ಅನ್ನೋದನ್ನು ಮೊದಲು ಬಿಟ್ಟುಬಿಡಿ. ಒಂದು ಘನ ಮೀಟರ್ ಬಯೋಗ್ಯಾಸಿನಿಂದ ಸಣ್ಣ ಜನರೇಟರಿನಲ್ಲಿ ಸಿಗೋದು ಒಂದೂವರೆಯಿಂದ ಎರಡು ಯೂನಿಟ್. ಗ್ಯಾಸಿನಲ್ಲಿದ್ದ ಶಕ್ತಿಯ ಮೂರರಲ್ಲಿ ಎರಡು ಪಾಲು ಶಾಖವಾಗಿ ಗಾಳಿಗೆ ಹೋಗುತ್ತೆ. ಜೊತೆಗೆ ಬಯೋಗ್ಯಾಸಿನಲ್ಲಿ ಬೆರೆತಿರೋ, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ತೆಗೆಯದಿದ್ದರೆ ಇಂಜಿನ್ ತುಕ್ಕು ಹಿಡಿದು ಹಾಳಾಗುತ್ತೆ. ಅದೇ ಗ್ಯಾಸನ್ನು ನೇರ ಒಲೆಗೆ ಕೊಟ್ಟರೆ ಕಮರ್ಷಿಯಲ್ ಸಿಲಿಂಡರಿನ ಬದಲಿಗೆ ನಿಲ್ಲುತ್ತೆ. ನಮ್ಮಷ್ಟು ಸಣ್ಣವರಿಗೆ ಉರಿಯಾಗಿ ಮಾರೋದೊಂದೇ ದಾರಿ, ಅದೂ ಪೈಪ್ ಮುಟ್ಟುವಷ್ಟು ಹತ್ತಿರ ಅಡುಗೆಮನೆ ಇದ್ದರೆ.

"ಪುಕ್ಕಟೆ ಕಸ" ಅನ್ನೋದನ್ನೂ ಬಿಡಿ. ಪುಕ್ಕಟೆ ಕಸದಲ್ಲಿ ಪ್ಲಾಸ್ಟಿಕ್, ತೆಂಗಿನ ಚಿಪ್ಪು, ಮದುವೆ ಮನೆಯ ಬಾಳೆ ಎಲೆ, ಮೂಟೆಗಟ್ಟಲೆ ಹಿಂಡಿದ ನಿಂಬೆ ಸಿಪ್ಪೆ ಎಲ್ಲಾ ಇರುತ್ತೆ. ಬಾಳೆ ಎಲೆಯ ನಾರು ಪಂಪಿಗೆ ಸುತ್ತಿಕೊಳ್ಳುತ್ತೆ, ನಿಂಬೆ ಸಿಪ್ಪೆಯ ಎಣ್ಣೆ ಸೂಕ್ಷ್ಮಾಣುಗಳನ್ನು ಕೊಲ್ಲುತ್ತೆ. 2016ರ ಘನತ್ಯಾಜ್ಯ ನಿಯಮಗಳಿಂದಲೇ ದಿನಕ್ಕೆ 100 ಕೆಜಿ ಮೀರಿ ಕಸ ಮಾಡೋರನ್ನು ದೊಡ್ಡ ತ್ಯಾಜ್ಯ ಉತ್ಪಾದಕರು ಅಂತ ಗುರುತಿಸಿದ್ದಾರೆ, ವಿಂಗಡಿಸೋದು ಅವರ ಜವಾಬ್ದಾರಿ. ಹಾಗಾಗಿ ನೀವು ಅವರ ಕಷ್ಟ ತೆಗೆಯುತ್ತಿದ್ದೀರಿ, ಅದಕ್ಕೆ ದುಡ್ಡು ಕೇಳಿ. ನಾನೀಗ ತಿಂಗಳ ಲೆಕ್ಕದಲ್ಲಿ ಡ್ರಮ್ಮಿಗೆ ಇಷ್ಟು ಅಂತ ತಗೊಳ್ತೀನಿ. ಕೊಡದವರ ಕಸ ಎತ್ತಲ್ಲ. ದುಡ್ಡು ಕೊಡೋರು ವಿಂಗಡಿಸಿಯೂ ಕೊಡ್ತಾರೆ.

ದೊಡ್ಡ ಮಟ್ಟದ ಸಿಬಿಜಿ (ಕಂಪ್ರೆಸ್ಡ್ ಬಯೋಗ್ಯಾಸ್) ಬಗ್ಗೆ ಕೇಳಿರ್ತೀರಿ. ಗ್ಯಾಸನ್ನು ಶುದ್ಧ ಮಾಡಿ ಮೀಥೇನ್ 90%ಗೆ ಏರಿಸಿ, ಒತ್ತಿ ತುಂಬಿ ವಾಹನಕ್ಕೆ ಮಾರೋದು. ಕೇಂದ್ರ 2018ರ ಅಕ್ಟೋಬರಿನಲ್ಲಿ ಸತತ್ ಯೋಜನೆ ತಂದಾಗ 5,000 ಘಟಕಗಳ ಗುರಿ ಇಟ್ಟಿತ್ತು, ಅದರ ಹತ್ತಿರಕ್ಕೂ ಬರಲಿಲ್ಲ. ಆದರೂ ಬೇಡಿಕೆ ಬರ್ತಿದೆ: ನಗರ ಅನಿಲ ಕಂಪನಿಗಳು 2025-26ರಿಂದ 1% ಸಿಬಿಜಿ ಬೆರೆಸಬೇಕು, 2028-29ಕ್ಕೆ ಅದು 5%. ಆದರೆ ಅದು ಕೋಟಿಗಳ ಆಟ, ಒಬ್ಬರ ಜಮೀನಿನ ತುಂಡಿನಲ್ಲಿ ಆಗೋದಲ್ಲ. ನನಗೆ ಮುಖ್ಯ ಅನ್ನಿಸಿದ್ದು ಬೇರೆ ಸುದ್ದಿ. 2023ರಲ್ಲಿ ಕೇಂದ್ರವೇ ಇಂಥ ಘಟಕಗಳ ಗೊಬ್ಬರಕ್ಕೆ ಟನ್ನಿಗೆ 1,500 ರೂಪಾಯಿ ಮಾರುಕಟ್ಟೆ ನೆರವು ಘೋಷಿಸಿತು. ಗೊಬ್ಬರ ಮಾರಾಟ ಆಗದೆ ಗ್ಯಾಸೊಂದರಿಂದ ಘಟಕ ನಿಲ್ಲಲ್ಲ ಅಂತ ದೊಡ್ಡವರಿಗೂ ಗೊತ್ತಾಗಿದೆ ಅಂತ ನಾನು ಓದಿಕೊಂಡೆ.

ಯಾಕೆಂದರೆ ಗ್ಯಾಸಿನ ಜೊತೆ ಹೋಗೋದು ಇಂಗಾಲ, ಜಲಜನಕ, ಆಮ್ಲಜನಕ. ಸಾರಜನಕ, ರಂಜಕ, ಪೊಟ್ಯಾಷ್ ಹೆಚ್ಚುಕಮ್ಮಿ ಪೂರ್ತಿ ಬಗ್ಗಡದಲ್ಲೇ ಉಳಿಯುತ್ತೆ. ಹೊಲಕ್ಕೆ ಬೇಕಾದದ್ದು ಅದೇ. ನಾನೀಗ ಬಗ್ಗಡವನ್ನು ಸ್ಕ್ರೂ ಪ್ರೆಸ್‌ನಲ್ಲಿ ಹಿಂಡಿಸ್ತೀನಿ. ತಿಳಿಯ ಅರ್ಧದಷ್ಟನ್ನು ಹೊಸ ಕಸ ರುಬ್ಬೋಕೆ ವಾಪಸ್ ಬಳಸ್ತೀನಿ, ಹಾಗಾಗಿ ಹೊಸ ನೀರೂ ಕಡಿಮೆ, ಹೊರಗೆ ಹೋಗೋದೂ ಕಡಿಮೆ. ಪೂರ್ತಿ ವಾಪಸ್ ಹಾಕಬೇಡಿ, ಉಪ್ಪು, ಅಮೋನಿಯಾ ಸೇರ್ತಾ ಹೋಗುತ್ತೆ. ಗಟ್ಟಿಯನ್ನು ಚಾವಣಿ ಕೆಳಗೆ ಹರಡಿ, ಪುಡಿ ಮಾಡಿದ ಮೆಕ್ಕೆಜೋಳದ ಬೆಂಡು ಬೆರೆಸಿ ಕಳಿಯೋಕೆ ಬಿಡ್ತೀನಿ. ಆ ಬೆಂಡನ್ನು ಡೈಜೆಸ್ಟರಿಗೆ ಹಾಕೋಕೆ ಮಾತ್ರ ಹೋಗಬೇಡಿ, ಅದರ ನಾರು ಅಲ್ಲಿ ಅರಗಲ್ಲ. ಒಣಗಿದ ಗೊಬ್ಬರ ಚೀಲದಲ್ಲಿ ಚನ್ನಗಿರಿ, ಹೊಳಲ್ಕೆರೆ ಅಡಿಕೆ ತೋಟಕ್ಕೆ ಹೋಗುತ್ತೆ. ಚೀಲಕ್ಕೆ ಮಳೆಗಾಲ ಅಡ್ಡ ಬರಲ್ಲ. ಇವತ್ತು ನನ್ನ ಆದಾಯದಲ್ಲಿ ಗೊಬ್ಬರ ಮತ್ತು ಕಸ ಎತ್ತೋ ಶುಲ್ಕ ಸೇರಿದರೆ ಗ್ಯಾಸಿಗಿಂತ ಹೆಚ್ಚು. ಸಾಲ ಇನ್ನೂ ಇದೆ, ಆದರೆ ಕಂತು ಘಟಕದಿಂದಲೇ ಹೋಗ್ತಿದೆ.

ಇನ್ನೊಂದು ಮಾತು, ವ್ಯಾಪಾರಕ್ಕೆ ಸಂಬಂಧ ಇಲ್ಲದ್ದು. ಡೈಜೆಸ್ಟರ್ ಒಳಗಾಗಲಿ, ಮುಚ್ಚಿದ ಬಗ್ಗಡದ ತೊಟ್ಟಿಗಾಗಲಿ ಯಾರನ್ನೂ ಇಳಿಸಬೇಡಿ, ಎರಡು ನಿಮಿಷಕ್ಕೆ ಅಂತಲೂ ಬೇಡ. ಒಳಗಿನ ಗಾಳಿ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಿಸಬಲ್ಲದು, ಎತ್ತೋಕೆ ಇಳಿದವರೂ ಉಳಿಯಲ್ಲ.

ನೀವು ಹಾಕಲೇಬೇಕು ಅಂತಿದ್ದರೆ ಡೈಜೆಸ್ಟರಿನ ಕೊಟೇಶನ್ ತರಿಸೋಕೆ ಮುಂಚೆ ಇಪ್ಪತ್ತು ರೈತರ ಹತ್ತಿರ ಹೋಗಿ, ಯಾವ ತಿಂಗಳು ಎಷ್ಟು ಒಯ್ಯುತ್ತೀರಿ ಅಂತ ತಿಂಗಳ ಹೆಸರು ಹಿಡಿದು ಕೇಳಿ ಬರೆದುಕೊಳ್ಳಿ. ಆ ಪಟ್ಟಿಯಲ್ಲಿ ಜೂನಿನಿಂದ ಅಕ್ಟೋಬರಿನ ತನಕ ಖಾಲಿ ಬಿದ್ದರೆ ಆ ಐದು ತಿಂಗಳ ಬಗ್ಗಡಕ್ಕೆ ಜಾಗ, ಚಾವಣಿ, ಪ್ರೆಸ್ ಇಷ್ಟರ ಖರ್ಚನ್ನೂ ಸೇರಿಸಿಯೇ ಸಾಲ ಕೇಳಿ. ನನ್ನ ಘಟಕ ನೋಡಬೇಕು ಅನ್ನಿಸಿದರೆ ಮೆಸೇಜ್ ಹಾಕಿ. ಮಾರ್ಚಿನಲ್ಲಿ ಬರಬೇಡಿ, ಮಳೆ ಹಿಡಿದ ಮೇಲೆ ಜುಲೈನಲ್ಲಿ ಬನ್ನಿ, ನೇರ ಬಗ್ಗಡದ ಶೆಡ್ಡಿನಿಂದಲೇ ತೋರಿಸೋಕೆ ಶುರು ಮಾಡ್ತೀನಿ.