ಓದುಗರ ಪ್ರಶ್ನೆ: ಬಾರದ ಪಾರ್ಸೆಲ್, ಕೇಳದ ಬಹುಮಾನ, ಅತಿಥಿಯ ದೂರು

‘ನಿಮ್ಮ ಪಾರ್ಸೆಲ್‌ನ ವಿಳಾಸ ಅಪೂರ್ಣ, 12 ಗಂಟೆಯೊಳಗೆ ಸರಿಪಡಿಸಿ’ ಎಂದು ಅಂಚೆ ಇಲಾಖೆ ಹೆಸರಲ್ಲಿ ಮೆಸೇಜ್ ಬಂದಿದೆ, ಜೊತೆಗೊಂದು ಲಿಂಕ್. ನಮ್ಮ ಮನೆ ತೋಟದೊಳಗಿದೆ, ವಿಳಾಸ ಸಿಗದಿದ್ದರೂ ಸಿಗದಿರಬಹುದು. ನಂಬಬಹುದೇ?
– ಓದುಗರು, ನಾಪೋಕ್ಲು

ನಂಬಬೇಡಿ. ವಿಳಾಸ ಸರಿಪಡಿಸಿ ಎಂದು ಅಂಚೆ ಇಲಾಖೆ ಲಿಂಕ್ ಕಳಿಸುವುದಿಲ್ಲ. ಲಿಂಕ್ ಒತ್ತಿದರೆ ಇಲಾಖೆಯದೇ ಎನಿಸುವ ಪುಟ ತೆರೆದು, ಕೊನೆಗೆ ಮರುವಿತರಣೆಗೆಂದು ಇಪ್ಪತ್ತೋ ಮೂವತ್ತೋ ರೂಪಾಯಿ ಕೇಳುತ್ತದೆ. ಆ ಪುಡಿಗಾಸು ಅವರಿಗೆ ಬೇಕಿಲ್ಲ. ಅದನ್ನು ಕಟ್ಟಲು ನೀವು ಒತ್ತುವ ಕಾರ್ಡ್ ನಂಬರ್, ಸಿವಿವಿ, ಒಟಿಪಿ ಬೇಕು.

ಸ್ಪೀಡ್ ಪೋಸ್ಟ್ ನಂಬರ್‌ಗೆ 13 ಸ್ಥಾನ: ಮೊದಲು ಎರಡು ಇಂಗ್ಲಿಷ್ ಅಕ್ಷರ, ಆಮೇಲೆ ಒಂಬತ್ತು ಅಂಕಿ, ಕೊನೆಗೆ ‘ಐಎನ್’. ಮೆಸೇಜಿನಲ್ಲಿ ನಂಬರೇ ಇಲ್ಲದಿದ್ದರೆ ಅಲ್ಲಿಗೇ ಬಿಡಿ. ಇದ್ದರೆ ಇಲಾಖೆಯ ಜಾಲತಾಣವನ್ನು ನೀವೇ ಟೈಪ್ ಮಾಡಿ ತೆರೆದು ಹಾಕಿ ನೋಡಿ. ಲಿಂಕನ್ನು ಓದುವುದೂ ಕಷ್ಟವಲ್ಲ. ಆರಂಭದ ಜೋಡಿ ಓರೆಗೆರೆ ದಾಟಿ, ಮುಂದಿನ ಒಂಟಿ ಗೆರೆಯವರೆಗೆ ಹೋಗಿ. ಅದರ ಹಿಂದಿನ ತುದಿಯಲ್ಲಿ ‘ಡಾಟ್ ಜಿಒವಿ ಡಾಟ್ ಇನ್’ ಇರಲೇಬೇಕು. ‘ಇಂಡಿಯಾಪೋಸ್ಟ್’ ಎಂಬ ಹೆಸರನ್ನು ಯಾರು ಬೇಕಾದರೂ ನಡುವೆ ತುರುಕಬಹುದು.

ಅಂಚೆಯಲ್ಲಿ ಬಂದ ಸ್ಕ್ರ್ಯಾಚ್ ಕಾರ್ಡ್ ಕೆರೆದರೆ 12 ಲಕ್ಷ ರೂಪಾಯಿ ಬಹುಮಾನ! ಮೊದಲು ತೆರಿಗೆ ಕಟ್ಟಬೇಕಂತೆ.
– ಓದುಗರು, ಶನಿವಾರಸಂತೆ

ನಗದು ಬಹುಮಾನಕ್ಕೆ ಕೊಡುವವರೇ ತೆರಿಗೆ ಹಿಡಿದು ಉಳಿದದ್ದನ್ನು ಕೊಡಬೇಕು. ಯಾರದೋ ಯುಪಿಐ ನಂಬರಿಗೆ ಕಟ್ಟುವ ತೆರಿಗೆ ಎಂಬುದೇ ಇಲ್ಲ. ಕಾರ್ಡ್ ಬಂದ ಎಲ್ಲರಿಗೂ ಬಹುಮಾನವೇ ಬಂದಿರುತ್ತದೆ ಬಿಡಿ.

ಹೋಂಸ್ಟೇ ನಡೆಸುತ್ತೇವೆ. ಬುಕಿಂಗ್ ಸೈಟ್ ಹೆಸರಲ್ಲಿ ‘ಅತಿಥಿಯಿಂದ ದೂರು, 24 ಗಂಟೆಯಲ್ಲಿ ಉತ್ತರಿಸಿ’ ಎಂದು ಇಮೇಲ್ ಬಂತು. ಲಿಂಕ್ ತೆರೆದರೆ ‘ನಾನು ರೋಬೋ ಅಲ್ಲ’ ಎಂದು ತೋರಿಸಲು ವಿಂಡೋಸ್ ಕೀ ಜೊತೆ ಆರ್, ಕಂಟ್ರೋಲ್ ಜೊತೆ ವಿ, ಆಮೇಲೆ ಎಂಟರ್ ಒತ್ತಲು ಹೇಳುತ್ತದೆ. ಒತ್ತಬಹುದೇ?
– ಓದುಗರು, ಮಡಿಕೇರಿ

ಖಂಡಿತ ಬೇಡ. ಆ ಪುಟ ನಿಮಗೆ ತಿಳಿಯದಂತೆ ಒಂದು ಆದೇಶವನ್ನು ಕಾಪಿ ಮಾಡಿಟ್ಟಿರುತ್ತದೆ. ಮೊದಲ ಜೋಡಿ ಕೀ ‘ರನ್’ ಪೆಟ್ಟಿಗೆ ತೆರೆಯುತ್ತದೆ, ಎರಡನೆಯದು ಆ ಆದೇಶವನ್ನು ಅಲ್ಲಿ ಅಂಟಿಸುತ್ತದೆ, ಎಂಟರ್ ಒತ್ತಿದೊಡನೆ ಅದು ಓಡುತ್ತದೆ. ನಿಮ್ಮ ಕೈಯಿಂದಲೇ ಓಡಿದ್ದರಿಂದ ಆಂಟಿವೈರಸ್ ತಡೆಯದೇ ಹೋಗಬಹುದು. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು ಕಳ್ಳರ ಪಾಲು. ಆಮೇಲೆ ದಸರಾ ರಜೆಗೆ ಬುಕ್ ಮಾಡಿದವರಿಗೆ ನಿಮ್ಮ ಖಾತೆಯಿಂದಲೇ ‘ಮುಂಗಡ ಇಲ್ಲಿಗೆ ಕಳಿಸಿ’ ಎಂಬ ಸಂದೇಶ ಹೋಗುತ್ತದೆ.

ದೂರು ನಿಜವೇ ಎಂದು ತಿಳಿಯಲು ಇಮೇಲ್ ಮುಚ್ಚಿ, ಬುಕಿಂಗ್ ಸೈಟಿನ ನಿಮ್ಮ ಖಾತೆಗೆ ನೇರವಾಗಿ ಹೋಗಿ. ನಿಜವಾಗಿದ್ದರೆ ಅಲ್ಲೂ ಇರುತ್ತದೆ. ಕಳಿಸಿದವರ ಹೆಸರಿನ ಮೇಲೆ ಒತ್ತಿ ಪೂರ್ತಿ ವಿಳಾಸವನ್ನೂ ನೋಡಿ. ಮೇಲೆ ಕಾಣುವ ಹೆಸರನ್ನು ಯಾರು ಹೇಗೆ ಬೇಕಾದರೂ ಇಟ್ಟುಕೊಳ್ಳಬಹುದು.

ಈಗಾಗಲೇ ಒತ್ತಿದವರಿದ್ದರೆ ಮೊದಲು ಇಂಟರ್‌ನೆಟ್ ಕಡಿಯಿರಿ. ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಿಂದ ಬದಲಿಸಿ, ಇಮೇಲಿನದೇ ಮೊದಲು. ‘ಎಲ್ಲ ಸಾಧನಗಳಿಂದ ಸೈನ್ ಔಟ್’ ಮರೆಯಬೇಡಿ. ಅದಿಲ್ಲದೆ ಪಾಸ್‌ವರ್ಡ್ ಬದಲಿಸಿದರೂ ಕಳ್ಳರು ಒಳಗೇ ಉಳಿಯಬಹುದು. ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆ ಹಣ ವರ್ಗಾವಣೆಯ ಗುರುತಿನ ನಂಬರ್ (ಯುಟಿಆರ್) ಕೈಯಲ್ಲಿರಲಿ. ಬ್ಯಾಂಕಿಗೂ ಆಗಲೇ ತಿಳಿಸಿ. ದೂರನ್ನು ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಮಡಿಕೇರಿಯ ಸೆನ್ ಪೊಲೀಸ್ ಠಾಣೆಯಲ್ಲೂ ಕೊಡಬಹುದು. ಆ ಇಮೇಲನ್ನು ಅಳಿಸಬೇಡಿ. ಬರೀ ಫಾರ್ವರ್ಡ್ ಮಾಡಿದರೆ ಅದು ಬಂದ ದಾರಿಯ ವಿವರ ಉಳಿಯುವುದಿಲ್ಲ. ಜಿಮೇಲ್ ಆದರೆ ಕಂಪ್ಯೂಟರಿನಲ್ಲಿ ಮೂರು ಚುಕ್ಕಿ ಒತ್ತಿ, ‘ಶೋ ಒರಿಜಿನಲ್’ ತೆರೆದು, ಆ ಫೈಲನ್ನೇ ಡೌನ್‌ಲೋಡ್ ಮಾಡಿ ದೂರಿನ ಜೊತೆ ಕೊಡಿ.