ಹಂಗೇರಿಯ ಯಹೂದಿ ಹೈಸ್ಕೂಲ್ ಮಕ್ಕಳನ್ನು ಗಣಿತಕ್ಕೆ ಸೆಳೆದದ್ದು ಸ್ಪರ್ಧೆಗಳೇನಾ?

ನೀವು ಎರಡು ವಿಷಯ ಕೇಳಿದ್ದೀರಿ. ನೂರು ವರ್ಷದ ಹಿಂದೆ ಹಂಗೇರಿಯ ಯಹೂದಿ ಮನೆಗಳಿಂದ ಅಷ್ಟೊಂದು ಗಣಿತಜ್ಞರು ಬರಲು ಹೈಸ್ಕೂಲ್ ಸ್ಪರ್ಧೆಗಳು ಕಾರಣವೇ? ಹೌದಾದರೆ ಒಂಬತ್ತನೇ ತರಗತಿಯ ನಿಮ್ಮ ಮಗಳನ್ನೂ ಸ್ಪರ್ಧೆಗೆ ಕಳಿಸಬೇಕೇ? ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಈ ಚರಿತ್ರೆ ನನಗೆ ತುಂಬಾ ಇಷ್ಟ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಈ ಮಾತು ಬಂದರೆ ಎಲ್ಲರೂ ಹೇಳುವುದು 1894ರಲ್ಲಿ ಹಂಗೇರಿಯಲ್ಲಿ ಶುರುವಾದ ಎಟ್ವೋಷ್ ಎಂಬ ಗಣಿತ ಸ್ಪರ್ಧೆಯ ಬಗ್ಗೆ. ಆಗಷ್ಟೇ ಹೈಸ್ಕೂಲ್ ಮುಗಿಸಿದವರಿಗೆ ಮೂರೇ ಲೆಕ್ಕ. ಪುಸ್ತಕ ನೋಡಿಕೊಂಡು ಬರೆಯಬಹುದಿತ್ತು. ಮೊದಲ ವರ್ಷದ ಮೊದಲ ಲೆಕ್ಕ ನೋಡಿ: ಅ, ಬ ಎರಡು ಪೂರ್ಣಾಂಕಗಳು. 2ಅ + 3ಬ ಎಂಬುದು 17ರಿಂದ ಶೇಷವಿಲ್ಲದೆ ಭಾಗವಾದರೆ 9ಅ + 5ಬ ಕೂಡ ಆಗುತ್ತದೆ, ಎರಡನೆಯದು ಆದರೆ ಮೊದಲನೆಯದೂ ಆಗುತ್ತದೆ ಎಂದು ತೋರಿಸಬೇಕು. ಮೊದಲನೆಯದನ್ನು ನಾಲ್ಕರಿಂದ ಗುಣಿಸಿ ಎರಡನೆಯದಕ್ಕೆ ಕೂಡಿಸಿ. 17ಅ + 17ಬ ಬರುತ್ತದೆ. ಅದು ಯಾವಾಗಲೂ 17ರಿಂದ ಭಾಗವಾಗುತ್ತದೆ, ಹಾಗಾಗಿ ಎರಡರಲ್ಲಿ ಒಂದು ಭಾಗವಾದರೆ ಇನ್ನೊಂದೂ ಆಗಲೇಬೇಕು, ಅಷ್ಟೇ! ಯಾವ ಪುಸ್ತಕ ತೆರೆದಿಟ್ಟರೂ ಈ ಉಪಾಯ ಅದರಲ್ಲಿ ಸಿಗುವುದಿಲ್ಲ, ತಾನೇ ಹೊಳೆಯಬೇಕು.

ಆದರೆ ನನ್ನ ಪ್ರಕಾರ ಜಾಸ್ತಿ ಕೆಲಸ ಮಾಡಿದ್ದು ಅದೇ ಕಾಲಕ್ಕೆ ಹುಟ್ಟಿದ ಒಂದು ಮಾಸಪತ್ರಿಕೆ. ಗ್ಯೋರ್ ಎಂಬ ಊರಿನಲ್ಲಿ ಮೇಷ್ಟ್ರಾಗಿದ್ದ ಡಾನಿಯೆಲ್ ಅರಾನಿ ಅದನ್ನು ಶುರುಮಾಡಿದರು. ಈಗ ಅದನ್ನು ಕೋಮಲ್ ಎಂಬ ಚಿಕ್ಕ ಹೆಸರಿನಿಂದ ಕರೆಯುತ್ತಾರೆ. ಪ್ರತಿ ತಿಂಗಳು ಅದರಲ್ಲಿ ಲೆಕ್ಕಗಳು ಬರುತ್ತಿದ್ದವು. ಮಕ್ಕಳು ಮನೆಯಲ್ಲಿ ಕೂತು, ದಿನಗಟ್ಟಲೆ ಯೋಚಿಸಿ, ಉತ್ತರ ಬರೆದು ಅಂಚೆಯಲ್ಲಿ ಕಳಿಸುತ್ತಿದ್ದರು. ಒಳ್ಳೆಯ ಉತ್ತರ ಬರೆದವರ ಹೆಸರು ಅಚ್ಚಾಗುತ್ತಿತ್ತು. ಮುಂದೆ ತುಂಬಾ ಚೆನ್ನಾಗಿ ಬಿಡಿಸಿದವರ ಫೋಟೋ ಕೂಡ ಬಂತು. ಹದಿನೈದು ವರ್ಷದ ಮಗುವಿಗೆ ಇದು ಎಂಥ ಗೌರವ ಅಲ್ವಾ?

ಪೇಚ್ ಎಂಬ ಊರಿನ ಲಿಪೋಟ್ ವೈಸ್‌ಗೆ ಚಿಕ್ಕ ತರಗತಿಗಳಲ್ಲಿ ಗಣಿತ ಸೇರುತ್ತಿರಲಿಲ್ಲ. ಆಮೇಲೆ ಆ ಯಹೂದಿ ಹುಡುಗ ಈ ಪತ್ರಿಕೆಗೆ ಉತ್ತರ ಕಳಿಸತೊಡಗಿದ. 1897ರ ಎಟ್ವೋಷ್ ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂತು. ಅವನೇ ಮುಂದೆ ಫೇಯೇರ್ ಎಂದು ಹೆಸರು ಬದಲಿಸಿಕೊಂಡ. 1900ರಲ್ಲಿ, ಇಪ್ಪತ್ತರ ವಯಸ್ಸಿಗೆ, ಫೂರಿಯೇ ಶ್ರೇಣಿಗಳ (ಅಲೆಯಂಥ ಸರಳ ಪದಗಳನ್ನು ಕೂಡಿಸುತ್ತಾ ಹೋಗುವ ಮೊತ್ತಗಳ) ಮೇಲೆ ಅವನು ಕಂಡುಕೊಂಡ ಪ್ರಮೇಯವನ್ನು ಇವತ್ತಿಗೂ ಪಾಠ ಮಾಡುತ್ತಾರೆ. ಹಂಗೇರಿಯ ಹೆಸರಾಂತ ಯಹೂದಿ ಗಣಿತಜ್ಞ ಪಾಲ್ ಎರ್ಡೋಶ್ ಡಾಕ್ಟರೇಟ್ ಮಾಡಿದ್ದು ಇದೇ ಫೇಯೇರ್ ಕೈಕೆಳಗೆ. ಎರ್ಡೋಶ್ ಮತ್ತು ಅವನ ಜೀವದ ಗೆಳೆಯ ಟುರಾನ್, ಇಬ್ಬರೂ ಈ ಪತ್ರಿಕೆಯ ಲೆಕ್ಕ ಬಿಡಿಸಿ ಬೆಳೆದವರೇ. ಊರೂರಿನಲ್ಲಿ ಒಂಟಿಯಾಗಿ ಕೂತು ಯೋಚಿಸುವ ಮಕ್ಕಳಿಗೆ ತಮ್ಮಂಥವರು ಇನ್ನೂ ಇದ್ದಾರೆ ಎಂದು ಗೊತ್ತಾಯಿತಲ್ಲ, ನನಗೆ ಅದೇ ದೊಡ್ಡದು.

ಯಹೂದಿ ಮಕ್ಕಳಿಗೇ ಇದು ಏಕೆ ಅಷ್ಟು ಮುಖ್ಯವಾಯಿತು? ರಕ್ತದಲ್ಲೇ ಬಂದ ಬುದ್ಧಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1867ರಲ್ಲಷ್ಟೇ ಅವರಿಗೆ ಕಾನೂನಿನಲ್ಲಿ ಸಮಾನ ಹಕ್ಕು ಸಿಕ್ಕಿತ್ತು. ಆಮೇಲೂ ದೊಡ್ಡ ಸರ್ಕಾರಿ ಹುದ್ದೆಗಳ ಬಾಗಿಲು ಸುಲಭಕ್ಕೆ ತೆರೆಯುತ್ತಿರಲಿಲ್ಲ. ಓದೇ ದಾರಿ ಎಂದು ಮನೆಯವರು ನಂಬಿದ್ದರು. 1920ರಲ್ಲಂತೂ ಯೂನಿವರ್ಸಿಟಿ ಸೇರುವವರಲ್ಲಿ ಯಹೂದಿಗಳ ಪಾಲು ಸುಮಾರು ನೂರಕ್ಕೆ ಆರನ್ನು ಮೀರದಂತೆ ಕಾನೂನೇ ಬಂತು. ಬುಡಾಪೆಸ್ಟ್ ನಗರದಲ್ಲಿ ಆಗ ಐವರಲ್ಲಿ ಒಬ್ಬರಿಗಿಂತ ಜಾಸ್ತಿ ಯಹೂದಿಗಳಿದ್ದರು! ಎರ್ಡೋಶ್ 1930ರಲ್ಲಿ ಒಳಗೆ ಹೋಗಲು ಆದದ್ದು ರಾಷ್ಟ್ರಮಟ್ಟದ ಪರೀಕ್ಷೆ ಗೆದ್ದಿದ್ದರಿಂದ. 1925ರಲ್ಲಿ ಎಟ್ವೋಷ್ ಸ್ಪರ್ಧೆ ಗೆದ್ದ, ಮುಂದೆ ಹೆಸರಾಂತ ಭೌತವಿಜ್ಞಾನಿಯಾದ ಎಡ್ವರ್ಡ್ ಟೆಲ್ಲರ್ ಓದಲು ಜರ್ಮನಿಗೆ ಹೋದ. ಅಂದರೆ ಗೆದ್ದ ಮಕ್ಕಳಿಗೂ ತಮ್ಮ ದೇಶದಲ್ಲಿ ನೆಲೆ ಸಿಗುವ ಭರವಸೆ ಇರಲಿಲ್ಲ. ಇದನ್ನು ಬಿಟ್ಟು ಬರೀ ಬಹುಮಾನಗಳ ಬಗ್ಗೆ ಹೇಳಿದರೆ ಅವರಿಗೆ ಅನ್ಯಾಯ ಮಾಡಿದಂತೆ.

ಇನ್ನು ನಿಮ್ಮ ಮಗಳ ವಿಷಯ. ಯಹೂದಿ ಮೂಲದ ಮನೆಯ ಗಣಿತಜ್ಞ ಜಾರ್ಜ್ ಪೋಲ್ಯಾ ಕೂಡ ಎಟ್ವೋಷ್ ಸ್ಪರ್ಧೆಗೆ ಕೂತಿದ್ದರು, ಆದರೆ ಉತ್ತರ ಪತ್ರಿಕೆಯನ್ನೇ ಕೊಡದೆ ಎದ್ದು ಬಂದರು. ಅದೇ ಪೋಲ್ಯಾ ಮುಂದೆ ಲೆಕ್ಕ ಬಿಡಿಸುವ ಬಗೆಯನ್ನು ಜಗತ್ತಿಗೇ ಕಲಿಸಿದರು. 1912ರಲ್ಲಿ ಇದೇ ಸ್ಪರ್ಧೆ ಗೆದ್ದಿದ್ದ ಗಣಿತಜ್ಞ ಗಾಬೋರ್ ಸೆಗೋ ಜೊತೆ ಸೇರಿ, 1946ರಿಂದ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಹೈಸ್ಕೂಲ್ ಮಕ್ಕಳಿಗೆ ಇಂಥದ್ದೇ ಸ್ಪರ್ಧೆ ನಡೆಸಿದರು. ಹಾಗಾಗಿ ಒಂದು ಪರೀಕ್ಷೆಯಲ್ಲಿ ಏನಾಯಿತು ಎಂಬುದಕ್ಕೆ ತುಂಬಾ ಬೆಲೆ ಕೊಡಬೇಡಿ.

ನನ್ನನ್ನು ಕೇಳಿದರೆ ಕೋಚಿಂಗ್‌ಗೆ ಸೇರಿಸುವ ಮೊದಲು ವಾರಕ್ಕೆ ಒಂದೇ ಲೆಕ್ಕ ಕೊಡಿ. ಉತ್ತರ ಹೇಳಬೇಡಿ, ಗಡಿಯಾರ ಇಡಬೇಡಿ. ಬಿಡಿಸಿದ್ದನ್ನು ಪೂರ್ತಿ ವಾಕ್ಯಗಳಲ್ಲಿ ಬರೆಯಲು ಹೇಳಿ, ಬರೆದದ್ದನ್ನು ಯಾರಾದರೂ ಗಮನವಿಟ್ಟು ಓದಲಿ. ಒಬ್ಬ ಗೆಳತಿಯೂ ಅದೇ ಲೆಕ್ಕ ಮಾಡುತ್ತಿದ್ದರೆ ಇನ್ನೂ ಒಳ್ಳೆಯದು. ಅವಳಿಗೇ ಇನ್ನಷ್ಟು ಬೇಕು ಅನ್ನಿಸಿದರೆ ನಮ್ಮಲ್ಲಿ ಗಣಿತ ಒಲಿಂಪಿಯಾಡ್ ಪರೀಕ್ಷೆಗಳು ಇದ್ದೇ ಇವೆ, ಆಗ ಬರೆಯಲಿ.